ಧಾತು ಬರದ ಹಳಿ, 2022ರ ನೀರು

ಬೆಂಗಳೂರು–ಮೈಸೂರು ರೈಲಿನಲ್ಲಿ ರಾಮನಗರ, ಚನ್ನಪಟ್ಟಣ ದಾಟುವ ಎಷ್ಟೋ ಜನಕ್ಕೆ ಈ ಹಳಿ ಬರಗಾಲದ ಕೂಸೆಂದು ಗೊತ್ತಿರುವುದಿಲ್ಲ. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರದಲ್ಲಿ ಹಿಡಿದ ಬರ ಈಶ್ವರ ಸಂವತ್ಸರದಲ್ಲೂ ಬಿಡಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಹಸಿದವರಿಗೆ ಕೂಲಿ ಕೊಡಲೆಂದು ಕೈಗೆತ್ತಿಕೊಂಡ ಕಾಮಗಾರಿಗಳಲ್ಲಿ ಈ ರೈಲುಮಾರ್ಗವೂ ಒಂದು. ರಾಮನಗರದ ಹೆಸರು ಆಗ ಕ್ಲೋಸ್‌ಪೇಟೆ.

ಮಳೆ ತಪ್ಪಿದ್ದಕ್ಕೆ ಪೆಸಿಫಿಕ್ ಸಾಗರದ ಎಲ್ ನಿನೊ ಮುಖ್ಯ ಕಾರಣವೆಂದು ಹವಾಮಾನ ವಿಜ್ಞಾನಿಗಳು ಹೇಳುತ್ತಾರೆ. ಆದರೆ ಅಷ್ಟೊಂದು ಸಾವಿಗೆ ಎಲ್ ನಿನೊ ಒಂದನ್ನೇ ಹೊಣೆ ಮಾಡಲು ನಾನು ಒಪ್ಪುವುದಿಲ್ಲ. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು; ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈಹಾಕಬಾರದೆಂಬುದು ಅಂದಿನ ಬ್ರಿಟಿಷರ ನೀತಿ. ಮಾರುಕಟ್ಟೆಯಲ್ಲಿ ಕಾಳು ಇದ್ದರೂ ಕೊಳ್ಳಲು ಕೂಲಿಯವನಲ್ಲಿ ಕಾಸಿರಲಿಲ್ಲ.

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಮುಳುಗಿದ್ದು ಹೆದ್ದಾರಿ. ಬಸ್ಸು, ಕಾರುಗಳು ನೀರಿನಲ್ಲಿ ನಿಂತವು, ಕೆರೆಗಳು ಕೋಡಿ ಬಿದ್ದವು. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ, ಸುರಿದಾಗ ಒಮ್ಮೆಗೇ ಸುರಿಯುತ್ತದೆ. ಇಲ್ಲೂ ಮಳೆಯೊಂದನ್ನೇ ದೂರುವಂತಿಲ್ಲ. ಮಾಗಡಿಯಿಂದ ಕನಕಪುರದವರೆಗೆ ಹಿಂದಿನವರು ಕಟ್ಟಿದ್ದು ಒಂಟಿ ಕೆರೆಗಳನ್ನಲ್ಲ, ಕೆರೆಗಳ ಸಾಲನ್ನು. ಮೇಲಿನದರ ಕೋಡಿನೀರು ಕೆಳಗಿನದಕ್ಕೆ. ನಡುವಿನ ಕಾಲುವೆ ಮುಚ್ಚಿದರೆ ನೀರು ರಸ್ತೆಯನ್ನೇ ಹಿಡಿಯುತ್ತದೆ.

ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.