ಹನ್ನೊಂದು ತಿಂಗಳು ಯಾಕೆ? ಪುಣೆಯ ಬಾಡಿಗೆ ಕರಾರಿನ ಹಿಂದಿನ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಈ ಸಲದ ಮಾತು ಬರಹದಲ್ಲಿ.

ಹಿಂಜವಡಿಗೋ ಖರಾಡಿಗೋ ಕೆಲಸಕ್ಕೆ ಬಂದ ನಮ್ಮವರು ವಕೀಲರು ಅಂತ ಯಾರಾದ್ರೂ ಸಿಕ್ಕರೆ ಸಾಕು, ಕೇಳೋದು ಬಾಡಿಗೆ ಮನೆ ವಿಷಯ. ಓನರ್ ಡೆಪಾಸಿಟ್ ಕೊಡ್ತಿಲ್ಲ, ಏನ್ ಮಾಡ್ಲಿ? ಹನ್ನೊಂದು ತಿಂಗಳಿಗೇ ಯಾಕೆ ಕರಾರು? ಕರಾರಿನಲ್ಲಿ ನನ್ನನ್ನ ಬಾಡಿಗೆದಾರ ಅನ್ನದೆ 'ಲೈಸೆನ್ಸಿ' ಅಂತ ಯಾಕೆ ಬರೆದಿದ್ದಾರೆ? ನಾನು ವಕೀಲನಲ್ಲ, ಕೋಡ್ ಬರೆಯೋನು. ಆದರೆ ಹಳೇ ಕೋಡಿನಲ್ಲಿ ಅರ್ಥವಾಗದ ಒಂದು ಸಾಲು ಕಂಡರೆ ಅದು ಯಾವತ್ತು, ಯಾಕೆ ಸೇರಿತು ಅಂತ ಹುಡುಕೋ ಚಟ ಇದೆ. ಈ ಕರಾರಿನಲ್ಲಿ ಅಂಥ ಸಾಲು ಎರಡಿವೆ, ಎರಡೂ ಬೇರೆ ಬೇರೆ ಕಾಲದವು.

ಹನ್ನೊಂದು ತಿಂಗಳಿನದು ಸುಲಭ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ ಜನ ಒಂದು ತಿಂಗಳು ಕಡಿಮೆ ಮಾಡಿಕೊಂಡರು, ಅಷ್ಟೇ. ಬೆಂಗಳೂರಿನಲ್ಲಿ ಇವತ್ತಿಗೂ ಅದೇ ಲೆಕ್ಕ ನಡೀತಿದೆ.

'ಲೀವ್ ಅಂಡ್ ಲೈಸೆನ್ಸ್' ಅನ್ನೋದರ ಹಿಂದೆ ದೊಡ್ಡ ಜಗಳವೇ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ, 1918ರಲ್ಲೇ, ಮುಂಬೈ ಪ್ರಾಂತ್ಯದಲ್ಲಿ ಬಾಡಿಗೆ ನಿಯಂತ್ರಣದ ಕಾನೂನು ಬಂತು. ಆಮೇಲೆ ಬಂದ 1947ರ ಬಾಂಬೆ ರೆಂಟ್ ಆಕ್ಟ್ ದಶಕಗಳ ಕಾಲ ಉಳೀತು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಪುಣೆಯ ಜೊತೆ ಅದೇ ಪ್ರಾಂತ್ಯದಲ್ಲಿದ್ದವು ನೋಡ್ರಿ, ಹಾಗಾಗಿ ಈ ಕಥೆ ನಮಗೆ ಹೊರಗಿನದೇನಲ್ಲ. ಏಕೀಕರಣದ ನಂತರ ಮೈಸೂರು ರಾಜ್ಯ 1961ರಲ್ಲಿ ತನ್ನದೇ ಬಾಡಿಗೆ ನಿಯಂತ್ರಣ ಕಾಯ್ದೆ ಮಾಡಿಕೊಂಡಿತು.

1947ರ ಕಾಯ್ದೆ 1940ರ ಸೆಪ್ಟೆಂಬರ್ 1ರಂದು ಮನೆಗೆ ಎಷ್ಟು ಬಾಡಿಗೆ ಇತ್ತೋ ಅದನ್ನೇ ಅಳತೆಗೋಲು ಮಾಡಿತು. ಬಾಡಿಗೆ ಕಟ್ಟುತ್ತಾ ಇರುವವರನ್ನ ಸುಲಭಕ್ಕೆ ಬಿಡಿಸುವ ಹಾಗಿಲ್ಲ. ಬಡ ಗುಮಾಸ್ತನಿಗೆ ಇದು ದೊಡ್ಡ ಆಸರೆ. ಮಾಲೀಕನಿಗೆ ಮಾತ್ರ ಸೂರು ರಿಪೇರಿ ಮಾಡಿಸೋಕೂ ಸಾಲದ ದುಡ್ಡು. ಪುಣೆಯ ಹಳೇ ಪೇಠೆಗಳಲ್ಲಿ ಬೀಳೋ ಸ್ಥಿತಿಯ ವಾಡೆಗಳನ್ನ ನೋಡಿದ್ದೀರಲ್ಲ, ಅವುಗಳ ಈ ಸ್ಥಿತಿಗೆ ಇದೂ ಒಂದು ಕಾರಣ.

ಮಾಲೀಕರು ದಾರಿ ಹುಡುಕಿದರು. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮಿನಲ್ಲಿ 'ಲೈಸೆನ್ಸ್' ಅಂದ್ರೆ ಬರೀ ಅನುಮತಿ, ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟೋದಿಲ್ಲ. ಹಾಗಾದ್ರೆ ಮನೆ ಬಾಡಿಗೆಗೆ ಕೊಟ್ಟಿಲ್ಲ, ಇರೋಕೆ ಅನುಮತಿ ಕೊಟ್ಟಿದ್ದೇನೆ ಅಂತ ಬರೆಯೋದು! ಕೋರ್ಟುಗಳು ಇದನ್ನ ಸುಮ್ಮನೆ ಒಪ್ಪಲಿಲ್ಲ. 1959ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ವಿರುದ್ಧ ಆರ್. ಎನ್. ಕಪೂರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಪತ್ರದ ಹೆಸರಲ್ಲ, ಒಳಗಿನ ತಿರುಳು ಮುಖ್ಯ ಅಂದಿತು. ದೆಹಲಿಯ ಹೋಟೆಲೊಂದರೊಳಗೆ ಕ್ಷೌರದ ಅಂಗಡಿ ಇಟ್ಟವರ ವ್ಯಾಜ್ಯ ಅದು.

ಆಮೇಲೆ ಮಹಾರಾಷ್ಟ್ರ ಸರ್ಕಾರ 1973ರಲ್ಲಿ ತಿದ್ದುಪಡಿ ತಂತು. ಆ ವರ್ಷ ಫೆಬ್ರವರಿ 1ರಂದು ಚಾಲ್ತಿ ಲೈಸೆನ್ಸ್ ಮೇಲೆ ವಾಸವಾಗಿದ್ದವರೆಲ್ಲ ಕಾನೂನಿನ ಕಣ್ಣಲ್ಲಿ ಬಾಡಿಗೆದಾರರಾದರು. ಒಂದೇ ದಿನಾಂಕ, ಲೈಸೆನ್ಸಿಗೆ ಬಾಡಿಗೆದಾರನ ಹಕ್ಕು. ಮನೆ ಖಾಲಿ ಬಿದ್ದಿದ್ದರೂ ಬಾಡಿಗೆಗೆ ಕೊಡೋಕೆ ಜನ ಹೆದರಿದ್ದರಲ್ಲಿ ಆಶ್ಚರ್ಯ ಏನಿದೆ?

1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ 1940ರ ಬಾಡಿಗೆಗೆ ಗಂಟುಬಿದ್ದಿರೋದು ಇನ್ನು ಸಮಂಜಸವಲ್ಲ ಅಂತ ಹೇಳಿತು. ಆ ಮೊಕದ್ದಮೆ ಹಾಕಿದವರ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ. ಹೆಸರಲ್ಲೇ ನಮ್ಮ ಕರಾವಳಿ ಇದೆ.

ಇದೆಲ್ಲದರ ನಂತರ ಬಂದಿದ್ದೇ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999. ಜಾರಿಗೆ ಬಂದಿದ್ದು 2000ದ ಮಾರ್ಚ್ 31. ನಿಮ್ಮ ಕರಾರು ನಿಂತಿರೋದು ಇದರ ಮೇಲೆ. 24ನೇ ಕಲಮಿನಲ್ಲಿ ಮಾಲೀಕರು ಗೆದ್ದರು: ವಾಸದ ಮನೆಯ ಅವಧಿ ಮುಗಿದ ಮೇಲೂ ಖಾಲಿ ಮಾಡದಿದ್ದರೆ ದುಪ್ಪಟ್ಟು ಬಾಡಿಗೆಯ ದರದಲ್ಲಿ ಪರಿಹಾರ ಕೊಡಬೇಕು. ಬಾಡಿಗೆದಾರನಿಗೆ ಹಿಂದೆ ಇದ್ದ ರಕ್ಷಣೆ ಲೈಸೆನ್ಸಿಯಾದ ನಿಮಗಿಲ್ಲ. ನನಗೆ ಇದು ಸ್ವಲ್ಪ ಏಕಪಕ್ಷೀಯ ಅನ್ನಿಸುತ್ತೆ, ಆದರೆ ಇದಿಲ್ಲದಿದ್ದರೆ ವಾಕಡದಲ್ಲಿ ನಮಗೆ ಇಷ್ಟು ಸುಲಭಕ್ಕೆ ಫ್ಲ್ಯಾಟ್ ಸಿಗ್ತಿತ್ತಾ ಅನ್ನೋದೂ ಅನುಮಾನವೇ.

55ನೇ ಕಲಮು ನಮ್ಮ ಕಡೆಗಿದೆ. ಎಷ್ಟೇ ತಿಂಗಳ ಕರಾರಿರಲಿ, ಬರಹದಲ್ಲಿರಬೇಕು, ನೋಂದಣಿ ಆಗಲೇಬೇಕು. ಅಂದ್ರೆ 1908ರ ಹನ್ನೊಂದು ತಿಂಗಳ ಉಪಾಯ ಪುಣೆಯಲ್ಲಿ ನಡೆಯಲ್ಲ. ಅಭ್ಯಾಸಬಲದಿಂದ ಬರೀತಾರೆ ಅಷ್ಟೇ. ನೋಂದಣಿ ಮಾಡಿಸೋ ಹೊಣೆ ಮಾಲೀಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನೋಂದಾಯಿತ ಪತ್ರ ಇಲ್ಲದಿದ್ದರೆ, ಷರತ್ತು ಏನಿತ್ತು ಅನ್ನೋ ವಿಷಯದಲ್ಲಿ ವಾಸವಿರುವವನ ಮಾತೇ ನಡೆಯುತ್ತೆ, ಬೇರೆ ಥರ ಸಾಬೀತಾಗುವ ತನಕ. 'ನಾನು ಹೊರಗಿನವನು, ಕಾಗದವೂ ಇಲ್ಲ, ಡೆಪಾಸಿಟ್ ಹೋಯ್ತು' ಅಂತ ಕೈಚೆಲ್ಲುವವರು ಈ ಕಲಮು ಇದೆ ಅಂತ ವಕೀಲರಿಗೆ ನೆನಪು ಮಾಡಿ. ಡೆಪಾಸಿಟ್ ಕೊಟ್ಟ ಬ್ಯಾಂಕ್ ದಾಖಲೆಯೂ ಜೊತೆಗಿರಲಿ.

ಪತ್ರ ಇದ್ದರೆ ಲೆಕ್ಕ ತಿರುಗುತ್ತೆ. 24ನೇ ಕಲಮಿನ ವಿವರಣೆಯಂತೆ ಬರಹದ ಲೈಸೆನ್ಸ್ ಕರಾರಿನಲ್ಲಿ ಇರುವ ಸಂಗತಿಗೆ ಆ ಪತ್ರವೇ ನಿರ್ಣಾಯಕ ಸಾಕ್ಷಿ. ಏಜೆಂಟ್ ವಾಟ್ಸಾಪಿನಲ್ಲಿ 'ಪೇಂಟಿಂಗ್ ದುಡ್ಡು ಹಿಡಿಯಲ್ಲ ಸರ್' ಅಂದಿದ್ದು ಅದರ ಮುಂದೆ ನಿಲ್ಲೋದು ಕಷ್ಟ. ಹಾಗಾಗಿ ಆಧಾರ್ ಕೊಟ್ಟು ಹೆಬ್ಬೆಟ್ಟು ಒತ್ತುವ ಮೊದಲು ಡೆಪಾಸಿಟ್ ಮೊತ್ತ, ವಾಪಸಿನ ಗಡುವು, ಯಾವುದಕ್ಕೆ ಎಷ್ಟು ಕಡಿತ, ಮಧ್ಯದಲ್ಲಿ ಬಿಟ್ಟರೆ ಎಷ್ಟು ದಿನದ ನೋಟಿಸ್, ಇಷ್ಟನ್ನು ಓದಿ. ಕರಡು ಮರಾಠಿಯಲ್ಲಿದ್ದರೆ ಓದಿ ಹೇಳಿ ಅಂತ ಕೇಳೋಕೆ ನಾಚಿಕೆ ಬೇಡ.