ತುಂಗಭದ್ರಾ ಮಂಡಳಿ

ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದ ನೀರನ್ನು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳಿಗೆ ಹಂಚುವ ಅಂತರರಾಜ್ಯ ಸಂಸ್ಥೆ. ಮದ್ರಾಸ್ ಪ್ರಾಂತ್ಯ ಮತ್ತು ಹೈದರಾಬಾದ್ ಸಂಸ್ಥಾನಗಳು ಕೂಡಿ 1945ರಲ್ಲಿ ಅಣೆಕಟ್ಟೆಯ ಕೆಲಸ ಆರಂಭಿಸಿದವು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗಿ ಬಳ್ಳಾರಿ ಭಾಗ ಮೈಸೂರಿಗೆ ಸೇರಿದಾಗ ಬಲದಂಡೆ ಕಾಲುವೆಗಳು ಎರಡು ರಾಜ್ಯಗಳಲ್ಲಿ ಹರಿಯುವಂತಾದವು. ಮಂಡಳಿ ಹುಟ್ಟಿದ್ದು ಈ ತೊಡಕಿನಿಂದ. ಅಧ್ಯಕ್ಷರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ, ಸದಸ್ಯರಾಗಿ ರಾಜ್ಯಗಳ ಪ್ರತಿನಿಧಿಗಳಿರುತ್ತಾರೆ.

ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿ ಈ ಯೋಜನೆಗೆ ಗೊತ್ತುಪಡಿಸಿದ 230 ಟಿಎಂಸಿಯಲ್ಲಿ ಕರ್ನಾಟಕದ ಪಾಲು 151.49. ಆದರೆ ಅಷ್ಟು ನೀರು ಪ್ರತಿವರ್ಷ ಸಿಗುವುದಿಲ್ಲ. ಒಳಹರಿವಿನ ಅಂದಾಜು ಮಾಡಿ, ಕೊರತೆಯನ್ನೂ ಪಾಲಿನ ಪ್ರಮಾಣದಲ್ಲೇ ಹಂಚುವುದು ಇಲ್ಲಿನ ರೂಢಿ. ನದಿ ಜಗಳಗಳು ಕೋರ್ಟಿನ ಮೆಟ್ಟಿಲಲ್ಲೇ ಸವೆಯುವ ನಾಡಿನಲ್ಲಿ ಈ ವ್ಯವಸ್ಥೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅಂದಾಜು ತಪ್ಪಿದರೆ ಕಾಲುವೆಯ ಕೊನೆಯಂಚಿನ ರೈತನ ಭತ್ತ ಒಣಗುತ್ತದೆ. ರಾಜ್ಯ ಯಾವುದಾದರೂ ನಷ್ಟ ಒಂದೇ.

ಹೂಳಿನಿಂದ 133 ಟಿಎಂಸಿಯ ಸಾಮರ್ಥ್ಯ ಸುಮಾರು 105ಕ್ಕೆ ಕುಸಿದಿದೆ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವಕ್ಕೆ ಇದೇ ಕಾರಣ. ಅದಕ್ಕೆ ಮೂರೂ ರಾಜ್ಯಗಳ ಒಪ್ಪಿಗೆ ಬೇಕು.

2024ರ ಆಗಸ್ಟ್‌ನಲ್ಲಿ ಸರಪಳಿ ತುಂಡಾಗಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಫಲಕಗಳಾದ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ಹೊರಹರಿವನ್ನು ತಡೆಯಲಾಯಿತು.