ಗಡಿ ದಾಟಿದ ಸಣ್ಣ ಲೈನುಗಳು

2024ರ ನವೆಂಬರ್ 15ರಂದು ನೇಪಾಳದ 40 ಮೆಗಾವಾಟ್ ಕರೆಂಟು ಭಾರತದ ಗ್ರಿಡ್ಡಿನ ಮೂಲಕ ಬಾಂಗ್ಲಾದೇಶ ಮುಟ್ಟಿತು. ಒಪ್ಪಂದದ ಪ್ರಕಾರ ಆ ವರ್ಷದ ಹಂಗಾಮಿನ ಕೊನೆಯ ದಿನವೂ ಅದೇ ಆಗಿತ್ತು, ಇರಲಿ. ಗಡಿಯಾಚೆಗಿನ ವಿದ್ಯುತ್ತಿನ ಯುಗವೇ ಅಂದು ಶುರುವಾಯಿತು ಎಂಬಂತೆ ಸೆಮಿನಾರುಗಳಲ್ಲಿ ಮಾತಾಡುವವರನ್ನು ಕಂಡಾಗ, ಟ್ರಾನ್ಸ್‌ಮಿಷನ್ ಕೆಲಸದಲ್ಲೇ ತಲೆ ನರೆಸಿಕೊಂಡ ನನ್ನಂಥವನಿಗೆ ರೇಗುತ್ತದೆ. ಬಿಹಾರದ ರಕ್ಸೌಲಿನಿಂದ ನೇಪಾಳದ ಬೀರ್‌ಗಂಜಿಗೆ, ಜಯನಗರದಿಂದ ಸಿರಾಹಾಕ್ಕೆ, ಸೀತಾಮಢಿಯಿಂದ ಜಲೇಶ್ವರಕ್ಕೆ 33 ಕೆವಿ ಲೈನುಗಳು ಎಷ್ಟೋ ವರ್ಷದಿಂದ ಗಡಿ ದಾಟುತ್ತಲೇ ಇವೆ. ಅವುಗಳ ಚರಿತ್ರೆ ಬರೆದವರಿಲ್ಲ.

ಹಳೆಯದನ್ನು ಬೇಗ ಮುಗಿಸುತ್ತೇನೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಎಳೆದ ಲೈನು ದಾರಿಯ ಹಳ್ಳಿಗಳ ನೆತ್ತಿಯ ಮೇಲೆ ಹಾದುಹೋಯಿತು, ಕೆಳಗಿಳಿಯಲಿಲ್ಲ. ದೊಡ್ಡ ಲೈನಿನ ಜಾಯಮಾನವೇ ಅದು. ನೇಪಾಳದೊಂದಿಗಿನ 1954ರ ಕೋಸಿ, 1959ರ ಗಂಡಕ್ ಒಪ್ಪಂದಗಳು ಮುಖ್ಯವಾಗಿ ನೀರಿನವು. ಕರೆಂಟು ಅವುಗಳ ಬಾಲಂಗೋಚಿ. 1980ರ ದಶಕದಲ್ಲಿ ಭಾರತ ಶೇಕಡಾ 60 ಅನುದಾನ, ಶೇಕಡಾ 40 ಸಾಲ ಕೊಟ್ಟು ಭೂತಾನಿನಲ್ಲಿ 336 ಮೆಗಾವಾಟಿನ ಚುಖಾ ಜಲವಿದ್ಯುತ್ ಯೋಜನೆ ಕಟ್ಟಿಸಿತು. ಮಿಗುವ ಕರೆಂಟನ್ನು ನಮಗೆ ಮಾರುವ ಆ ದೇಶ, ಮುಂದೆ ತನ್ನ ಹಳ್ಳಿಮನೆಗಳಿಗೆ ತಿಂಗಳಿಗೆ 100 ಯೂನಿಟ್ ಪುಕ್ಕಟೆ ಕೊಡುವ ಮಟ್ಟಕ್ಕೆ ಬಂತು.

ಅಸಲು ಕಥೆ ನೇಪಾಳದ ತರಾಯಿ ಬಯಲಿನದು. ಅಲ್ಲಿನದು ರೇಡಿಯಲ್ ಪದ್ಧತಿ. ಊರಿನ ಫೀಡರನ್ನು ಸ್ವಂತ ಗ್ರಿಡ್ಡಿನಿಂದ ಬಿಡಿಸಿ ಬಿಹಾರದ ಗ್ರಿಡ್ಡಿಗೆ ನೇತುಹಾಕುವುದು. ಬಿಹಾರದಲ್ಲಿ ವೋಲ್ಟೇಜ್ ಕುಸಿದರೆ ಅಲ್ಲೂ ಬಲ್ಬು ಕೆಂಪಗೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಹಾಗಾಗಿ ಒಂದೇ ಲೈನಿನ ದುರಸ್ತಿಗೆ ಕರೆಂಟು ನಿಲ್ಲಿಸಿ ತೆಗೆದುಕೊಂಡ ಲೈನ್ ಕ್ಲಿಯರ್ ಈ ತುದಿಯ ಲಾಗ್‌ಬುಕ್ಕಿನಲ್ಲಿ 10:30, ಆ ತುದಿಯಲ್ಲಿ 10:45. ಕಂಬ ಹತ್ತುವವನ ಜೀವ ಆ ಲೆಕ್ಕದ ಮೇಲೆ ನಿಂತಿರುತ್ತದೆ. ಯಾವ ಸಮಯ ಎಂದು ಫೋನಿನಲ್ಲಿ ಎರಡೆರಡು ಸಲ ಕೇಳಿ ಬರೆದುಕೊಳ್ಳಬೇಕು.

2008ರ ಆಗಸ್ಟ್ 18ರಂದು ಕುಸಹಾದಲ್ಲಿ ಕೋಸಿ ಒಡ್ಡು ಒಡೆದು, ಬಿಹಾರದ ಕಟೈಯಾದಿಂದ ನೇಪಾಳದ ದುಹಬಿಗೆ ಹೋಗುವ 132 ಕೆವಿ ಲೈನಿನ ಟವರುಗಳೂ ಉರುಳಿದವು. ಆ ಚಳಿಗಾಲ ನೇಪಾಳದಲ್ಲಿ ದಿನಕ್ಕೆ 16 ಗಂಟೆ ಲೋಡ್ ಶೆಡ್ಡಿಂಗ್. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಸಣ್ಣ ಲೈನಿನ ಬೆಲೆ ತಿಳಿದದ್ದು ಅದು ಬಿದ್ದ ಮೇಲೆ.

ಬಿಹಾರದಿಂದ ನೇಪಾಳಕ್ಕೆ 400 ಕೆವಿಗೆಂದು ಕಟ್ಟಿದ ಮುಜಫರ್‌ಪುರ–ಢಲ್ಕೇಬರ್ ಲೈನನ್ನು 2016ರ ಫೆಬ್ರವರಿಯಲ್ಲಿ ಬರೀ 132 ಕೆವಿಯಲ್ಲಿ ಚಾರ್ಜ್ ಮಾಡಿದರು, 80 ಮೆಗಾವಾಟಿಗೆ. ಹೆದ್ದಾರಿಯಲ್ಲಿ ಎತ್ತಿನ ಗಾಡಿ ಎಂದು ನಕ್ಕವರಿದ್ದರು. ನನ್ನ ಪ್ರಕಾರ ನಮ್ಮ ತಲೆಮಾರು ಮಾಡಿದ ಒಳ್ಳೆಯ ತೀರ್ಮಾನಗಳಲ್ಲಿ ಅದೊಂದು. ಸಬ್‌ಸ್ಟೇಷನ್ ಸಿದ್ಧವಾಗುವವರೆಗೆ ಕಾಯದೆ ಕರೆಂಟು ಹರಿಯಿತು. 2018ರಲ್ಲಿ 220ಕ್ಕೆ, 2020ರಲ್ಲಿ 400ಕ್ಕೆ ಏರಿತು. ಕಠ್ಮಂಡುವಿನ ಕತ್ತಲೆ ನೀಗಿದ ಕೀರ್ತಿಯನ್ನು ಜನ ನೇಪಾಳ ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾಗಿದ್ದ ಕುಲ್ಮಾನ್ ಘಿಸಿಂಗ್‌ಗೆ ಕೊಟ್ಟರು. ಕೊಡಬೇಕಾದ್ದೇ, ಈ ಲೈನಿಗೂ ಒಂದು ಪಾಲು ಸಲ್ಲಬೇಕು.

ಇನ್ನೊಂದನ್ನು ಗ್ರಿಡ್ ಪಂಡಿತರು ಮುಟ್ಟುವುದೇ ಇಲ್ಲ. 2003ರಿಂದ ನೇಪಾಳದ ಹಳ್ಳಿಗರು ಸಂಘ ಕಟ್ಟಿ, ಕಂಬ-ತಂತಿಯ ಖರ್ಚಿನಲ್ಲಿ ಐದರಲ್ಲೊಂದು ಪಾಲು ತಾವೇ ಹಾಕಿ, ಸಗಟಿನಲ್ಲಿ ಕರೆಂಟು ಕೊಂಡು ಮನೆಮನೆಗೆ ಹಂಚಿದರು. ಮೀಟರ್ ಓದುವವನು ಊರವನೇ, ಕಳ್ಳ ಕೊಕ್ಕೆ ಹಾಕಿದವನೂ ಊರವನೇ. ಮುಖ ನೋಡದೆ ಗತಿಯಿಲ್ಲ. ಬಾಂಗ್ಲಾದೇಶದ ವಿಷಯದಲ್ಲೂ ಇದೇ ಮೌನ. ಬಹರಾಂಪುರ–ಭೇರಾಮಾರಾ ಮೂಲಕ 2013ರಲ್ಲಿ ಭಾರತದಿಂದ 500 ಮೆಗಾವಾಟ್ ಹೋಯಿತೆಂದು ಎಲ್ಲರೂ ಬರೆಯುತ್ತಾರೆ. ಕರೆಂಟನ್ನು ಹಳ್ಳಿಗೆ ಒಯ್ಯುವ ಪಲ್ಲಿ ವಿದ್ಯುತ್ ಸಮಿತಿಗಳು 1977ರಲ್ಲಿ ಬಂದ ಗ್ರಾಮೀಣ ವಿದ್ಯುದೀಕರಣ ಮಂಡಳಿಯ ಕೂಸುಗಳು ಎಂಬುದು ಅಡಿಟಿಪ್ಪಣಿಗೂ ಬರುವುದಿಲ್ಲ.

ಈಗ ಭಾರತ-ನೇಪಾಳ ನಡುವಿನ ಗೋರಖ್‌ಪುರ–ಬುಟ್ವಲ್ 400 ಕೆವಿ ಲೈನಿನ ಮಾತು. ಸಾಮರ್ಥ್ಯ, ವೀಲಿಂಗ್ ದರ, ಎಕ್ಸ್‌ಚೇಂಜಿನ ಹರಾಜು ಎಲ್ಲದಕ್ಕೂ ಕೋಷ್ಟಕಗಳಿವೆ. ನಾನು ಓದಿದ ವರದಿಗಳಲ್ಲಿ ಒಂದು ಕೋಷ್ಟಕ ಮಾತ್ರ ಸಿಕ್ಕಿಲ್ಲ: 11 ಕೆವಿ ಫೀಡರಿನ ತುದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಸಂಜೆ ಏಳಕ್ಕೆ ಎಷ್ಟು ವೋಲ್ಟು ಇರುತ್ತದೆ ಎಂಬುದು.